ನನಗೆ ನಿಧಾನದ ಪ್ರೊಸೆಸರ್ ಕೊಟ್ಟವರು

ಅವರ ಬಲಗೈಯ ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ರೇಡಿಯೋ ರಿಪೇರಿಯ ಕಾಲದಲ್ಲಿ ಬಿಸಿ ತಾಗಿ ತಾಗಿ ಚರ್ಮ ಗಾಜಿನಂತೆ ನುಣುಪಾಗಿತ್ತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕಂಪ್ಯೂಟರ್ ಜೋಡಿಸತೊಡಗಿದ ಮೇಲೂ ಆ ಬೆರಳೇ ಅವರ ಥರ್ಮಾಮೀಟರ್. ಮೂಡುಬಿದಿರೆಯಿಂದ ಬಸ್ಸಿನಲ್ಲಿ ಬಂಟ್ವಾಳದ ನನ್ನ ಮುದ್ರಣಾಲಯಕ್ಕೆ ಬಂದು, ಒಂದು ಲೋಟ ನೀರು ಕುಡಿದು, ಬೆರಳನ್ನು ಪ್ರೊಸೆಸರಿನ ಮೇಲಿನ ಲೋಹಕ್ಕೆ ಮುಟ್ಟಿಸಿ ಕಣ್ಣು ಮುಚ್ಚುತ್ತಿದ್ದರು. ನಾವೆಲ್ಲ ಕೆಲಸ ಬಿಟ್ಟು ಸುತ್ತ ನಿಲ್ಲುತ್ತಿದ್ದೆವು. ನಾಡಿ ನೋಡುವ ವೈದ್ಯರಿಗೂ ಅಷ್ಟು ಮರ್ಯಾದೆ ಸಲ್ಲುತ್ತಿರಲಿಲ್ಲ.

ಆಗ ಎರಡು ಕಂಪನಿಗಳ ಪ್ರೊಸೆಸರುಗಳ ನಡುವೆ ಪೈಪೋಟಿ. ಒಂದು, ಬಿಸಿ ಏರಿದರೆ ತಾನಾಗಿ ವೇಗ ಇಳಿಸಿಕೊಂಡು ಜೀವ ಉಳಿಸಿಕೊಳ್ಳುತ್ತಿತ್ತು. ಇನ್ನೊಂದು ಓಡುತ್ತಲೇ ಇದ್ದು, ಫ್ಯಾನ್ ನಿಂತರೆ ಸುಟ್ಟೇ ಹೋಗುತ್ತಿತ್ತು. "ಮೊದಲಿನದ್ದೇ ತೆಗೊಳ್ಳುವ ಮಾರಾಯ್ರೆ, ಅದು ಸಂಭಾವಿತ" ಎಂದರು. ಇಪ್ಪತ್ತು ವರ್ಷದ ಸ್ನೇಹ. ಅದನ್ನೇ ಹಾಕಿಸಿಕೊಂಡೆ.

ಮದುವೆ ಸೀಸನ್ನಿನಲ್ಲಿ ಈ ಸಂಭಾವಿತನು ಮಧ್ಯಾಹ್ನ ಹನ್ನೆರಡಾಗುತ್ತಲೇ ವಾನಪ್ರಸ್ಥಕ್ಕೆ ಹೊರಡುತ್ತಿದ್ದ. ವಧುವಿನ ಹೆಸರು ಪರದೆಯ ಮೇಲೆ ಮೂಡುವಷ್ಟರಲ್ಲಿ ವಧುವಿನ ತಂದೆ ಚಹಾ ಕುಡಿದು ಬರಬಹುದಿತ್ತು. ಬರುತ್ತಿರಲಿಲ್ಲ, ಬಸ್‌ಸ್ಟ್ಯಾಂಡಿನ ಎದುರಿನ ಮುದ್ರಣಾಲಯಕ್ಕೆ ಹೋಗುತ್ತಿದ್ದರು. ಗಿರಾಕಿಗಳು ಹೀಗೆ ಕರಗಿದಾಗ ನಾನೂ ಅಲ್ಲಿಗೆ ಹೋಗಿ ನೋಡಿದೆ. ಸುಡುವ ಕಂಪನಿಯ ಪ್ರೊಸೆಸರ್ ಚಿಗರೆಯಂತೆ ಓಡುತ್ತಿತ್ತು. ಜೋಡಿಸಿಕೊಟ್ಟವರು ನಮ್ಮ ಈ ಸ್ನೇಹಿತರೇ.

ಮುಂದಿನ ಸಲ ಬಂದಾಗ ನೀರು ಕೊಡದೆ ಕೇಳಿದೆ. ಅವರು ತಬ್ಬಿಬ್ಬಾಗಲಿಲ್ಲ.

"ಅವರು ಪ್ರತಿ ಶನಿವಾರ ಫ್ಯಾನಿನ ಧೂಳು ಒರೆಸ್ತಾರೆ. ನೀವು ಒರೆಸುವುದಿಲ್ಲ. ಕಾಗದದ ಧೂಳು ಬೇರೆ ಉಂಟು. ನಿಮ್ಮ ಗುಣ ನೋಡಿಯೇ ಕೊಟ್ಟದ್ದು."

"ಆಗಲೇ ಹೇಳಬಹುದಿತ್ತಲ್ಲ?"

"ಹೇಳಿದ್ದರೆ ನೀವು ಒರೆಸ್ತೇನೆ ಅಂತ ಹೇಳ್ತಿದ್ದಿರಿ."

ಸ್ನೇಹಿತರೆಂದುಕೊಂಡಿದ್ದವರು ನನ್ನನ್ನು ಸೋಮಾರಿಯೆಂದು ತೀರ್ಮಾನಿಸಿ, ಆ ತೀರ್ಪನ್ನು ನನ್ನದೇ ಕಂಪ್ಯೂಟರಿನೊಳಗೆ ಸ್ಕ್ರೂ ಹಾಕಿ ಕೂರಿಸಿದ್ದರು. ಮತ್ತೆ ಅವರನ್ನು ಕರೆಯಲಿಲ್ಲ. ಹಟಕ್ಕೆ ಮಂಗಳೂರಿನಿಂದ ಸುಡುವ ಕಂಪನಿಯ ಪ್ರೊಸೆಸರ್ ಇರುವ ಕಂಪ್ಯೂಟರನ್ನೇ ತರಿಸಿ, ಪ್ರತಿ ಶನಿವಾರ ಒರೆಸುವೆನೆಂದು ಪ್ರತಿಜ್ಞೆ ಮಾಡಿದೆ. ಮೂರು ಶನಿವಾರ ಒರೆಸಿದೆ. ಮೇ ತಿಂಗಳ ಒಂದು ಮಧ್ಯಾಹ್ನ ಫ್ಯಾನ್ ನಿಂತು ಸುಟ್ಟ ವಾಸನೆ ಬಂತು. ಅವರಿಗೆ ತಿಳಿಸಲಿಲ್ಲ. ಹಳೆಯ ಸಂಭಾವಿತನನ್ನೇ ಮತ್ತೆ ಮೇಜಿಗೇರಿಸಿದೆ.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡರೆಂದು ತಿಳಿದು ಮೂಡುಬಿದಿರೆಗೆ ಹೋದೆ. ಅವರ ಹೆಂಡತಿ ನನ್ನ ಗುರುತು ಹಿಡಿದು, "ಬಂಟ್ವಾಳದಿಂದ ಯಾರು ಬಂದರೂ ನಿಮ್ಮ ಕಂಪ್ಯೂಟರ್ ಹೇಗುಂಟು ಅಂತ ಕೇಳ್ತಿದ್ದರು" ಎಂದರು.

ಚೆನ್ನಾಗಿ ಓಡುತ್ತಿದೆ ಎಂದೆ. ಯಾವುದು ಎಂದು ಹೇಳಲಿಲ್ಲ.