ಒಂಟಿ ಗಂಟು ಜಾರಿದ ದಿನ

ಬೆಳಗಿನ ಐದೂವರೆ. ಫಾರೋ ದ್ವೀಪಗಳ ಹಾಮರ್‌ವೀಕ್ ಊರಿನ ಫುಟ್‌ಬಾಲ್ ಮೈದಾನದಲ್ಲಿ ಮೂರು ಕುರಿ ಮತ್ತು ಯೆನ್ಸಿನಾ ಬಿಟ್ಟರೆ ನರಪಿಳ್ಳೆಯಿಲ್ಲ. ಮೈದಾನಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿ ಹನ್ನೆರಡು ವರ್ಷವಾಯಿತು, ಕುರಿಗಳಿಗೆ ಅದಿನ್ನೂ ಗೊತ್ತಾಗಿಲ್ಲ. "ನಡೀರೇ, ಇವತ್ತು ಮ್ಯಾಚಿದೆ, ನಿಮಗೂ ಟಿಕೆಟ್ ಬೇಕು" ಎಂದು ಗದರಿಸಿ ಅವನ್ನು ಗೇಟಿನಾಚೆ ಅಟ್ಟಿ, ಎಪ್ಪತ್ತಾರರ ಯೆನ್ಸಿನಾ ಸಮುದ್ರದ ಕಡೆಯ ಗೋಲಿನ ಹಿಂದೆ ಬಂದು ಮಂಡಿಯೂರುತ್ತಾರೆ. ಕೈಗವಸು ಕಳಚಿ ಜೇಬಿಗೆ ತುರುಕುತ್ತಾರೆ. ಬಲೆಯ ಎಡಮೂಲೆಯ ತಳದ ಗಂಟನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಮ್ಮೆ ಜಗ್ಗುತ್ತಾರೆ. ಆಮೇಲೆ ಅದರ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು.

ಒಂದು ಗೋಲಿನ ಬಲೆಗೆ ಮೂರು ಸಾವಿರದ ಮುನ್ನೂರು ಚಿಲ್ಲರೆ ಗಂಟು. ಗೋಲು ಎರಡು. ಒಂದೊಂದಕ್ಕೆ ಒಂದೂಕಾಲು ಗಂಟೆ ಹಿಡಿಯುತ್ತದೆ, ಗಾಳಿ ಜೋರಿದ್ದರೆ ಒಂದೂವರೆ. ವರ್ಷಕ್ಕೆ ಹದಿನಾಲ್ಕು ತವರಿನ ಪಂದ್ಯ, ಹದಿನಾಲ್ಕು ಮುಂಜಾವು. ಉಪ್ಪುಗಾಳಿಗೆ ಬಲೆ ಮೂರು ವರ್ಷದ ಮೇಲೆ ಬಾಳುವುದಿಲ್ಲವಾದ್ದರಿಂದ ಚಳಿಗಾಲದಲ್ಲಿ ಹೊಸದನ್ನು ಹೆಣೆಯುವವರೂ ಅವರೇ. ಕ್ಲಬ್ಬಿನವರು ಒಮ್ಮೆ ಹೊರದೇಶದಿಂದ ಕಾರ್ಖಾನೆ ಬಲೆ ತರಿಸಿದ್ದರು. ಅದೀಗ ಯೆನ್ಸಿನಾ ಮನೆಯ ಕೋಳಿಗೂಡಿನ ಮೇಲಿದೆ. "ಕೋಳಿಗೆ ಚೆನ್ನಾಗಿದೆ ಅದು. ಕೋಳಿ ಯಾವತ್ತೂ ಗೋಲು ಹೊಡ್ಯಲ್ಲ ನೋಡು" ಎನ್ನುತ್ತಾರೆ.

ಕನ್ನಡಕ ಹಾಕಿಕೊಂಡು ನೋಡಿದರೆ ಕೆಲಸ ಬೇಗ ಮುಗಿಯುವುದಿಲ್ಲವೇ ಎಂದು ಕೇಳಿದವರಿಗೆ ಅವರದು ಒಂದೇ ಉತ್ತರ: "ಕಣ್ಣಿಗೆ ಎಲ್ಲ ಗಂಟೂ ಒಂದೇ ಥರ ಕಾಣುತ್ತೆ. ಎಳೆದ್ರೆ ತಾನೆ ಅದರ ಯೋಗ್ಯತೆ ಗೊತ್ತಾಗೋದು."

ನಾನೂರ ಮೂವತ್ತು ಜನರ ಈ ಊರಿನ ಕ್ಲಬ್ಬಿನ ಹೆಸರು ಸೂಲಾ. ನಮ್ಮ ಬಂಡೆಗಳ ಮೇಲೆ ಗೂಡು ಕಟ್ಟುವ ಬಿಳಿಯ ಕಡಲಹಕ್ಕಿಯ ಹೆಸರು ಅದು. ಅಂಗಿಯೂ ಹಕ್ಕಿಯದೇ: ಮೈಯೆಲ್ಲ ಬಿಳಿ, ತೋಳಿನ ತುದಿ ಕಪ್ಪು, ಕೊರಳಪಟ್ಟಿ ಹಳದಿ. ಗ್ರೀನ್‌ಲ್ಯಾಂಡ್ ಕಡಲಿನಿಂದ ಕಾಡ್ ಮೀನು ಹಿಡಿದು ಮರಳಿದ ಹನ್ನೆರಡು ಜನ 1950ರಲ್ಲಿ ಇದನ್ನು ಕಟ್ಟಿದರು. ಸಪಾಟು ನೆಲವೇ ಇಲ್ಲದ ಊರಿನಲ್ಲಿ ಎರಡು ಬೇಸಿಗೆ ಬಂಡೆ ಸಿಡಿಸಿ ಮೈದಾನ ಮಾಡಿದರು. ಮೊದಲ ವರ್ಷ ಗೋಲಿಗೆ ಬಲೆಯಿರಲಿಲ್ಲ. ಕಂಬದ ಒಳಗೆ ಹೋಯಿತು, ಹೊರಗೆ ಹೋಯಿತು ಎಂಬ ಜಗಳ ಭಾನುವಾರ ಚರ್ಚಿನ ಮೆಟ್ಟಿಲವರೆಗೂ ಬರುತ್ತಿತ್ತು. ಪಾದ್ರಿ ಬೇಸತ್ತು ಬಲೆ ಹೆಣೆಯುವವನನ್ನು ಕರೆಸಿದ. ಅವನು ಹಳೆಯ ಹೆರಿಂಗ್ ಮೀನಿನ ಬಲೆಯನ್ನು ಕಂಬಗಳಿಗೆ ಬಿಗಿದ, ಜಗಳ ನಿಂತಿತು. ಅವನೇ ಯೆನ್ಸಿನಾರ ಅಪ್ಪ.

ಇವತ್ತು ಸೂಲಾದಲ್ಲಿ ಸಂಬಳದ ಆಟಗಾರರು ಹನ್ನೊಂದು ಮಂದಿ ಇದ್ದಾರೆ, ಸರ್ಬಿಯಾದಿಂದ ಬಂದ ಮುಂಚೂಣಿ ಆಟಗಾರನಿದ್ದಾನೆ, ರಾತ್ರಿ ಪಂದ್ಯಕ್ಕೆ ದೀಪದ ಕಂಬಗಳಿವೆ. ಇಲ್ಲದಿರುವುದು ಒಂದೇ. ಎಪ್ಪತ್ತೈದು ವರ್ಷಗಳಲ್ಲಿ ಸೂಲಾ ಒಮ್ಮೆಯೂ ಫಾರೋ ದ್ವೀಪಗಳ ಚಾಂಪಿಯನ್ ಆಗಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದದ್ದು ಒಂದು ಸಲ, 1971ರಲ್ಲಿ. ಆ ತುತ್ತನ್ನು ತಪ್ಪಿಸಿದವರು, ಈಗ ಗೋಲಿನ ಹಿಂದೆ ಮಂಡಿಯೂರಿರುವ ಈ ಯೆನ್ಸಿನಾ.

ಬಂದರಿನ ಪಕ್ಕದ ಬಲೆಮನೆಯಲ್ಲಿ ಒಂಬತ್ತನೇ ವಯಸ್ಸಿಗೆ ಅಪ್ಪ ಅವರ ಕೈಗೆ ಬಲೆ ಸೂಜಿ ಕೊಟ್ಟ. ಒಂಟಿ ಗಂಟು ಕಲಿಸಿದ. ಹತ್ತಿದಾರಕ್ಕೆ ಅದು ಸಾಕು. ನೆನೆದರೆ ದಾರ ಉಬ್ಬಿ, ಗಂಟು ತಾನೇ ಬಿಗಿಯಾಗುತ್ತದೆ. ಅಪ್ಪ ತೀರಿಕೊಂಡ ಮೇಲೆ ಇಪ್ಪತ್ತೆರಡರ ಯೆನ್ಸಿನಾ ಮೀನುದೋಣಿಗಳ ಬಲೆಯನ್ನೂ ಗೋಲಿನ ಬಲೆಯನ್ನೂ ನೋಡಿಕೊಳ್ಳತೊಡಗಿದರು. ಆ ವರ್ಷದ ಕೊನೆಯ ಪಂದ್ಯದ ಹಿಂದಿನ ದಿನ ಒಂದು ಟಗರು ಮೈದಾನಕ್ಕೆ ನುಗ್ಗಿ ಬಲೆಗೆ ಕೊಂಬು ಸಿಕ್ಕಿಸಿಕೊಂಡು ಎಡಮೂಲೆ ಹರಿದು ಹಾಕಿತು. ಬಲೆಮನೆಯಲ್ಲಿ ಹತ್ತಿದಾರ ಮುಗಿದಿತ್ತು. ದೊಡ್ಡ ದೋಣಿಗೆಂದು ತಂದ ನೈಲಾನ್ ಇತ್ತು. ಯೆನ್ಸಿನಾ ಅದರಲ್ಲೇ ಹೊಲಿದರು, ಅಪ್ಪ ಕಲಿಸಿದ ಹಾಗೆ, ಒಂಟಿ ಗಂಟು ಹಾಕಿ.

"ನೈಲಾನು ನೀರು ಕುಡಿಯಲ್ಲ, ಉಬ್ಬಲ್ಲ. ಒಂಟಿ ಗಂಟು ಹಾಕಿದ್ರೆ ಜಾರುತ್ತೆ. ಜೋಡಿ ಗಂಟೇ ಹಾಕಬೇಕು. ಈಗ ಹೇಳ್ತೀನಿ, ಅವತ್ತು ಯಾರಿಗೆ ಗೊತ್ತಿತ್ತು? ಅಪ್ಪ ಹೇಳಿಕೊಟ್ಟಿದ್ದು ತಪ್ಪಾಗುತ್ತೆ ಅಂತ ಯಾವ ಮಗಳು ಅಂದ್ಕೋತಾಳೆ?"

ಎದುರಾಳಿ ಆಚೆ ಕೊಲ್ಲಿಯ ಸ್ಕಾರ್‌ನೆಸ್. ಸೂಲಾಗೆ ಸಮಬಲ ಸಾಕಿತ್ತು, ಕಪ್ ಊರಿಗೆ ಬರುತ್ತಿತ್ತು. ಎಂಟು ನಿಮಿಷ ಉಳಿದಿದೆ, ಒಂದಕ್ಕೆ ಒಂದು. ಸ್ಕಾರ್‌ನೆಸ್‌ನವನೊಬ್ಬ ದೂರದಿಂದ ಬಾರಿಸಿದ. ಚೆಂಡು ಎಡಮೂಲೆಗೆ ಹೋಗಿ, ಜಾರಿದ ಗಂಟುಗಳ ನಡುವೆ ತೂರಿ, ಹಿಂದಿನ ಕಡಲಗೋಡೆಗೆ ತಾಗಿ ನಿಂತಿತು. ರೆಫರಿ ಸಾಂದೋಯ್ ದ್ವೀಪದ ಅಂಚೆಯವ, ಚೆಂಡಿನಿಂದ ಬಹಳ ಹಿಂದೆ ಉಳಿದಿದ್ದ. ಅವನ ಕಣ್ಣಿಗೆ ಬಿದ್ದದ್ದು ಬಲೆಯಾಚೆಗಿನ ಚೆಂಡು ಮಾತ್ರ. ಗೋಲ್‌ಕೀಪರ್ ಸಾಮಲ್‌ನನ್ನು ಕೇಳಿದ. ಸಾಮಲ್ "ಹೊರಗೆ" ಎಂದ. ಊರಿನವರು ಟೋಪಿ ಹಾರಿಸಿದರು. ಆ ಸಾಮಲ್‌ಗೂ ಯೆನ್ಸಿನಾಗೂ ಆಗ ಮದುವೆ ನಿಶ್ಚಯವಾಗಿತ್ತು.

ಗೋಲಿನ ಹಿಂದೆ ಮೀನಿನ ಪೆಟ್ಟಿಗೆ ಬೋರಲು ಹಾಕಿ ಕುಳಿತಿದ್ದ ಯೆನ್ಸಿನಾ ಎದ್ದರು. ಬಲೆಯ ಬಳಿ ಹೋಗಿ ತೂತಿನೊಳಗೆ ಮೊಣಕೈವರೆಗೆ ಕೈ ತೂರಿಸಿ ರೆಫರಿಗೆ ತೋರಿಸಿದರು.

"ಇಲ್ಲಿಂದ ಹೋಯ್ತು. ಗೋಲು" ಎಂದರು.

"ನಿನಗೆ ಹೇಗೆ ಗೊತ್ತು?"

"ನಾನೇ ಹಾಕಿದ ಗಂಟು. ಬೆಳಿಗ್ಗೆ ಇಲ್ಲಿ ತೂತಿರಲಿಲ್ಲ."

ಸೂಲಾ ಎರಡು ಒಂದರಿಂದ ಸೋತಿತು.

ಯಾಕೆ ಎದ್ದಿರಿ ಎಂದರೆ ಯೆನ್ಸಿನಾ ಗಂಟು ಜಗ್ಗುವುದನ್ನು ನಿಲ್ಲಿಸದೆ ಹೇಳುತ್ತಾರೆ: "ಬೇಡ ಅಂತ್ಲೇ ಅಂದ್ಕೊಂಡೆ. ಆದ್ರೆ ಬಲೆ ಇರೋದು ಯಾಕೆ ಹೇಳು? ಚೆಂಡು ಒಳಗೆ ಹೋಯ್ತೋ ಇಲ್ವೋ ಅಂತ ಹೇಳೋಕೆ. ಅವತ್ತು ಬಲೆ ಹರಿದಿತ್ತು, ಅದಕ್ಕೆ ಹೇಳೋಕಾಗಲಿಲ್ಲ. ಇನ್ಯಾರು ಹೇಳಬೇಕು? ಹೆಣೆದೋಳು ತಾನೆ."

ಹನ್ನೊಂದು ತಿಂಗಳು ಊರು ಅವರೊಂದಿಗೆ ತುಟಿ ಬಿಚ್ಚಲಿಲ್ಲ. ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು, ಚರ್ಚಿನಲ್ಲಿ ಅವರ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಸಾಮಲ್ ಕೂಡ ಒಂದು ಚಳಿಗಾಲ ಬಲೆಮನೆಯ ಕಡೆ ತಲೆ ಹಾಕಲಿಲ್ಲ. ಮಾರ್ಚಿನಲ್ಲಿ ಒಂದು ದಿನ ಬಂದು ಬಾಗಿಲಲ್ಲಿ ನಿಂತು, "ಆ ಜೋಡಿ ಗಂಟು ಅಂದ್ರೇನು, ನನಗೂ ತೋರಿಸು" ಎಂದನಂತೆ. ಮರುವರ್ಷ ಮದುವೆಯಾಯಿತು. ಆ ಚೆಂಡಿನ ಬಗ್ಗೆ ಮಾತ್ರ ಗಂಡ ಹೆಂಡತಿ ಒಂದು ದಿನವೂ ಮಾತಾಡಿಲ್ಲ. ಯಾರಾದರೂ ಕೆದಕಿದರೆ ಸಾಮಲ್‌ದು ಸಿದ್ಧ ಉತ್ತರ: "ಮಂಜಿತ್ತು ಕಣಯ್ಯಾ, ಕಾಣಲಿಲ್ಲ."

ಕಾಲ ಕಳೆದಂತೆ ಊರಿಗೆ ಯೆನ್ಸಿನಾರ ಮೇಲೆ ಅಕ್ಕರೆ ಹುಟ್ಟಿತು. ಅಕ್ಕರೆ ಬಂದ ಮೇಲೆ ಬೈಯಲು ಬೇರೆ ಯಾರಾದರೂ ಬೇಕಲ್ಲ! ಬಡಪಾಯಿ ರೆಫರಿ ಸಿಕ್ಕಿದ. ಹೊರದ್ವೀಪದವನು, ಕೇಳುವವರಿಲ್ಲ. ಕಣ್ಣು ಕಾಣದವನು, ಸ್ಕಾರ್‌ನೆಸ್‌ನಲ್ಲಿ ನೆಂಟರಿದ್ದವನು ಎಂದೆಲ್ಲ ಕಥೆ ಬೆಳೆಯಿತು. ಈಗ ಆ ಕಥೆ ಅಚ್ಚಾಗಲಿದೆ. ಕ್ಲಬ್ಬಿನ ಎಪ್ಪತ್ತೈದು ವರ್ಷದ ಇತಿಹಾಸವನ್ನು ಊರಿನ ಮೇಷ್ಟ್ರು ಐವಿಂದ ಬರೆದಿದ್ದಾರೆ. ನಲವತ್ತೊಂದನೇ ಪುಟದಲ್ಲಿ, "ಪಕ್ಷಪಾತಿ ರೆಫರಿಯ ತಪ್ಪು ತೀರ್ಪಿನಿಂದ ಸೂಲಾ ಕಪ್ ಕಳೆದುಕೊಂಡಿತು" ಎಂದಿದೆ. ಸೋಮವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ.

ಬುಧವಾರ ಐವಿಂದ ಬಲೆಮನೆಗೆ ಬಂದಾಗ ನಡೆದ ಮಾತನ್ನು ಯೆನ್ಸಿನಾ ಇದ್ದದ್ದು ಇದ್ದಂತೆ ಒಪ್ಪಿಸುತ್ತಾರೆ.

"ಈ ಪುಟ ಸುಳ್ಳು, ಐವಿಂದ" ಎಂದರಂತೆ ಇವರು.

"ಊರೆಲ್ಲ ಹೇಳೋದೇ ಹಿಂಗೆ. ನಿನ್ನ ಹೆಸರು ಯಾಕೆ ಎಳೀಬೇಕು ಅದರಲ್ಲಿ? ಹಬ್ಬದ ಪುಸ್ತಕದಲ್ಲಿ ನಮ್ಮನ್ನ ಸೋಲಿಸಿದೋಳು ಅಂತ ಬರೀಲಾ?"

"ಬರಿ."

"ಹತ್ತಿರ ಇದ್ದಿದ್ದು ನೀವಿಬ್ಬರೇ. ಸಾಮಲ್ ಕಾಣಲಿಲ್ಲ ಅಂತಾನೆ. ನೀನೊಬ್ಬಳು ಹೇಳಿದ್ದನ್ನ ನಂಬಿ ಹೆಂಗೆ ಬದಲಾಯಿಸಲಿ?"

"ಆ ಅಂಚೆಯವನು ಸತ್ತು ಇಪ್ಪತ್ತು ವರ್ಷ ಆಯ್ತು. ಮಗಳಿದಾಳೆ, ಆಸ್ಪತ್ರೆಲಿ ನರ್ಸು. ಅವಳು ಓದಲ್ವಾ? ಸರಿಯಾದ ತೀರ್ಪು ಕೊಟ್ಟು ಹೋದವನನ್ನ ಕಳ್ಳ ಮಾಡ್ತೀರಲ್ಲೋ!"

ಗಂಡನನ್ನೇ ಒಂದು ಮಾತು ಕೇಳಬಹುದಲ್ಲ ಎಂದರೆ ಯೆನ್ಸಿನಾ ನಗುತ್ತಾರೆ, ಆದರೆ ಆ ನಗೆಯಲ್ಲಿ ನೋವಿದೆ. "ಗಂಟನ್ನ ಎಳೆದು ನೋಡಬಹುದು. ಗಂಡನ್ನ ಹಂಗೆ ಎಳೆಯೋಕಾಗಲ್ಲ. ಅವನೇ ಬರಬೇಕು."

ಮಧ್ಯಾಹ್ನ ಮೂರಕ್ಕೆ ಪಂದ್ಯ. ಅಭ್ಯಾಸಕ್ಕೆ ಬಂದ ಸರ್ಬಿಯಾದ ಹುರಿಯಾಳು ದ್ರಾಗಿಶಾ ಬಲೆ ತಟ್ಟಿ, "ಅಜ್ಜೀ, ನನ್ನ ಹೊಡೆತ ತಡಕೊಳ್ಳುತ್ತಾ ಇದು?" ಎಂದು ಕೆಣಕುತ್ತಾನೆ. "ಮೊದಲು ಬಲೆ ತನಕ ಹೊಡಿ ಮಗನೇ, ಆಮೇಲೆ ಮಾತಾಡೋಣ" ಎನ್ನುತ್ತಾರೆ ಯೆನ್ಸಿನಾ. ಅವನು ಹೊಡೆದೇ ಬಿಡುತ್ತಾನೆ. ಸೂಲಾ ಒಂದು ಸೊನ್ನೆಯಿಂದ ಗೆಲ್ಲುತ್ತದೆ.

ಪಂದ್ಯದ ನಂತರ ಕ್ಲಬ್ಬಿನ ಕೋಣೆಯಲ್ಲಿ ಕಾಫಿ, ರೂಬಾರ್ಬ್ ಕೇಕು, ಒದ್ದೆ ಉಣ್ಣೆಯ ವಾಸನೆ, ಮೂವತ್ತು ಜನ. ಐವಿಂದ ಎದ್ದು ನಲವತ್ತೊಂದನೇ ಪುಟ ಓದುತ್ತಾರೆ. "ಇದಕ್ಕೆ ಯೆನ್ಸಿನಾ ಒಪ್ಪಲ್ಲ. ಯಾರಿಗಾದ್ರೂ ಹೇಳೋದಿದ್ರೆ ಇವತ್ತೇ ಹೇಳಿಬಿಡಿ" ಎನ್ನುತ್ತಾರೆ. ಯಾರೋ "ಹಳೇದು ಬಿಡಪ್ಪಾ, ಕೇಕ್ ಈ ಕಡೆ ಕೊಡು" ಎನ್ನುತ್ತಾರೆ. ಯೆನ್ಸಿನಾ ತಲೆ ತಗ್ಗಿಸಿ ಕುಳಿತಿದ್ದಾರೆ. ಹೇಳುವುದನ್ನು ಅವರು ಐವತ್ತನಾಲ್ಕು ವರ್ಷದ ಹಿಂದೆಯೇ ಹೇಳಿಯಾಗಿದೆ.

ಸಾಮಲ್ ಬಟ್ಟಲನ್ನು ಮೇಜಿನ ಮೇಲಿಡುತ್ತಾರೆ. ಎಪ್ಪತ್ತೆಂಟರ ಮುದುಕ, ಆದರೆ ಅಂಗೈ ಇಂದಿಗೂ ಮೊರದಗಲ.

"ಎಡಗೈ ಕೆಳಗಿಂದ ಹೋಯ್ತು."

"ಏನು?" ಎನ್ನುತ್ತಾರೆ ಐವಿಂದ.

"ಚೆಂಡು. ನನ್ನ ಬೆರಳಿಗೆ ತಾಗಿಕೊಂಡೇ ಒಳಗೆ ಹೋಯ್ತು. ಮಂಜೂ ಇರಲಿಲ್ಲ ಗಿಂಜೂ ಇರಲಿಲ್ಲ. ಕಣ್ಣಾರೆ ನೋಡಿದೆ, ಹೊರಗೆ ಅಂದೆ. ಕಪ್ ಬೇಕಾಗಿತ್ತು ನನಗೆ. ಊರೆಲ್ಲ ಇವಳನ್ನ ದೂರ ಇಟ್ಟಾಗಲೂ ಬಾಯಿ ಬಿಡಲಿಲ್ಲ."

ಯೆನ್ಸಿನಾರ ಕಣ್ಣು ತುಂಬಿ ಬಂದಿದೆ. ಅದನ್ನು ಒರೆಸಿಕೊಳ್ಳುವ ಗೋಜಿಗೂ ಅವರು ಹೋಗುವುದಿಲ್ಲ.

"ಇಷ್ಟು ಹೇಳೋಕೆ ಐವತ್ತನಾಲ್ಕು ವರ್ಷ ಬೇಕಾಯ್ತೇನೋ ಕತ್ತೆ" ಎನ್ನುತ್ತಾರೆ ಗಂಡನಿಗೆ.

ಐವಿಂದ ಪೆನ್ನು ತೆಗೆದು ಆ ಸಾಲನ್ನು ಹೊಡೆದು ಹಾಕುತ್ತಾರೆ. "ಹೆಂಗೆ ಬರೀಲಿ, ನೀನೇ ಹೇಳು."

"ಗೋಲು ಅವರದು, ತೀರ್ಪು ಸರಿ, ಗಂಟು ನನ್ನದು ಅಂತ ಬರಿ."

"ಸುಳ್ಳು ನನ್ನದು. ಅದನ್ನೂ ಸೇರಿಸು" ಎನ್ನುತ್ತಾರೆ ಸಾಮಲ್.

ಐವಿಂದ ಬರೆದುಕೊಂಡು ತಲೆಯೆತ್ತುತ್ತಾರೆ. "ನಿನ್ನ ಬಗ್ಗೆ ಇಷ್ಟೇ ಆದ್ರೆ ಹೆಂಗೆ, ಯೆನ್ಸಿನಾ? ಜೀವಮಾನವೆಲ್ಲ ಬಲೆ ಹೆಣೆದೋಳು. ಇನ್ನೊಂದು ಒಳ್ಳೇ ಮಾತು ಹಾಕೋಣ."

ಯೆನ್ಸಿನಾ ತಟ್ಟೆಯ ಮೇಲಿನ ಕೇಕಿನ ಪುಡಿಯನ್ನು ಬೆರಳಿಂದ ಒಟ್ಟು ಮಾಡುತ್ತಾರೆ.

"ಆಮೇಲೆ ಒಂದು ಚೆಂಡೂ ಬಲೆ ತೂರಿಲ್ಲ ಅಂತ ಹಾಕು" ಎನ್ನುತ್ತಾರೆ. "ಜಾಗ ಇದ್ರೆ."