ಸಾರ್ಜಂಟರ ಕಲ್ಲಿಗೆ ಬರೆದ ಅರ್ಜಿ

ನಾನು ಚಿಕ್ಕವನಿದ್ದಾಗ, "ನಿನ್ನ ಮಾತು ಆ ಕಲ್ಲಿನ ಮ್ಯಾಲ ಎಂದೂ ಏರೂದಿಲ್ಲ" ಎಂದು ಅಪ್ಪನ ಮುಖಕ್ಕೇ ಹೇಳಿದವನು ನಮ್ಮ ದೊಡ್ಡಪ್ಪ. ಹೇಳಿ, ಮಾತು ಮುಗಿಯಿತು ಅನ್ನುವ ಹಾಗೆ ಎಲೆಯಡಿಕೆ ಬಾಯಿಗೆ ಹಾಕಿಕೊಂಡ.

ಯಾವ ಕಲ್ಲು ಅಂತ ಕೇಳುತ್ತೀರಿ. ಎರಡನೆಯ ಮಹಾಯುದ್ಧದಲ್ಲಿ ಅಪ್ಪ ಸೈನ್ಯದ ಅಡುಗೆಯವನಾಗಿದ್ದ. ಸಿಂಗಾಪುರದಲ್ಲಿ ಜಪಾನಿಯರ ಕೈಗೆ ಸಿಕ್ಕು, ನ್ಯೂಗಿನಿ ಎಂಬ ದ್ವೀಪದ ಕಾಡಿನಲ್ಲಿ ಸೆರೆಯಾಳಾಗಿ ಮಣ್ಣು ಹೊತ್ತ. ಯುದ್ಧದ ಕೊನೆಗೆ ಆಸ್ಟ್ರೇಲಿಯಾದ ಪಡೆ ಅಲ್ಲಿಗೆ ಬಂದಾಗ ಅವನಿಗೆ ಎದ್ದು ನಿಲ್ಲುವ ತ್ರಾಣವಿರಲಿಲ್ಲ. ಆ ಪಡೆಯ ಒಬ್ಬ ಸಾರ್ಜಂಟರು ಅವನನ್ನು ಬೆನ್ನ ಮೇಲೆ ಹೊತ್ತು ಎದೆಮಟ್ಟದ ಹೊಳೆ ದಾಟಿಸಿದರು. ದಾಟಿಸಿ, ತಿರುಗಿ ಹೋಗಿ, ಇನ್ನೊಬ್ಬನನ್ನು ತಂದರು. ಬೇರೊಂದು ಕಾಳಗಕ್ಕಾಗಿ ಅವರಿಗೆ ಆಗಲೇ ಶೌರ್ಯ ಪದಕ ಬಂದಿತ್ತಂತೆ. ಈ ಹೊಳೆಯ ಕೆಲಸವನ್ನು ಮಾತ್ರ ಯಾರೂ ಬರೆದಿಟ್ಟಿರಲಿಲ್ಲ.

ನಾನು ಏಳನೇ ಇಯತ್ತೆಯಲ್ಲಿದ್ದಾಗ ಗದಗಿನ ಮಾಜಿ ಸೈನಿಕರ ಕಚೇರಿಗೆ ಒಂದು ಸುತ್ತೋಲೆ ಬಂತು. ಸಾರ್ಜಂಟರು ತೀರಿಕೊಂಡಿದ್ದರು. ಆಸ್ಟ್ರೇಲಿಯಾದ ಅವರ ಊರಿನವರು ನೆನಪಿನ ಕಲ್ಲು ನಿಲ್ಲಿಸುವವರಿದ್ದರು. ಅವರ ಜೊತೆ ಇದ್ದವರು ಕಂಡದ್ದನ್ನು ಬರೆದು ಕಳಿಸಬೇಕಿತ್ತು. ಆ ಶನಿವಾರ ಶಾಲೆಯಿಂದ ಬಂದವನನ್ನು ಅಪ್ಪ ಕೈ ಹಿಡಿದು ಕೂರಿಸಿದ. ಮನೆಯಲ್ಲಿ ಇಂಗ್ಲಿಷ್ ಅಕ್ಷರ ಗೊತ್ತಿದ್ದವನು ನಾನೊಬ್ಬನೇ.

"ಟಪಾಲು ಮೂರಕ್ಕ ಹೋಗತೈತಿ. ಬರಿ," ಅಂದ.

ಅಪ್ಪ ಕೂರಲಿಲ್ಲ. ಅಂಗಳದಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳಕ್ಕೆ ಓಡಾಡಿದ. ಪಕ್ಕದ ಹಿಟ್ಟಿನ ಗಿರಣಿಯ ಸದ್ದಿಗೆ ದೌತಿಯ ಮಸಿ ಕೂಡ ನಡುಗುತ್ತಿತ್ತು. ನನ್ನ ಬೆರಳು ನೀಲಿಯಾಗಿದ್ದವು. ಒಳಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು.

ನನಗೆ ಬರುತ್ತಿದ್ದದ್ದು ಒಂದೇ ಬಗೆಯ ಇಂಗ್ಲಿಷ್ ಪತ್ರ: ಮಾಸ್ತರರಿಗೆ ಬರೆಯುವ ರಜೆ ಅರ್ಜಿ. ಹಾಗಾಗಿ ಮಾನ್ಯರೇ ಎಂದು ಶುರುಮಾಡಿ, ವಿನಂತಿಸಿಕೊಳ್ಳುತ್ತೇನೆ ಎಂದು ಸಾಗಿ, ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ.

"ಹೊಳಿ ಅಂತ ಬರದೇನು?" ಅಪ್ಪ ಕೇಳಿದ.

"ಹೊಳಿಗೆ ಏನಂತಾರೋ ಗೊತ್ತಿಲ್ಲಪಾ."

"ನೀರು ಅಂತ ಬರಿ. ಮುಂದ?"

ಒಳಗಿನಿಂದ ಅಕ್ಕ, "ಇವನ ಅರ್ಜಿ ಓದಿ ಸಾರ್ಜಂಟರಿಗೆ ಎರಡು ದಿನ ರಜಾ ಕೊಡತಾರ ನೋಡಪ್ಪಾ!" ಎಂದು ನಕ್ಕಳು.

ಅಪ್ಪ ನಗಲಿಲ್ಲ. "ಪದಕದ ಸುದ್ದಿ ಎಲ್ಲಾರಿಗೂ ಗೊತ್ತೈತಿ. ಹೊಳಿ ಸುದ್ದಿ ನಾ ಹೇಳಲಿಲ್ಲಂದ್ರ ಅದು ಆಗೇ ಇಲ್ಲ."

ಕೊನೆಗೆ ರಜೆ ಅರ್ಜಿಯ ರೂಢಿಯಂತೆ ‘ಸ್ಥಳ: ಮನೆ’ ಎಂದು ಬರೆದು, ಅಪ್ಪನ ಹೆಸರು ಹಾಕಿದೆ. ಅಂಚೆ ಕಚೇರಿಗೆ ಇಬ್ಬರೂ ಓಡಿದೆವು.

ಉತ್ತರ ಬರಲಿಲ್ಲ. ಪೋಸ್ಟ್‌ಮ್ಯಾನನ ಸೈಕಲ್ ಗಂಟೆ ಕೇಳಿದರೆ ಸಾಕು, ಅಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ಹೊಸ್ತಿಲಿಗೆ ಬರುತ್ತಿದ್ದ. ವರ್ಷಗಟ್ಟಲೆ ಬಂದ. ದೊಡ್ಡಪ್ಪ ಅದನ್ನು ನೋಡುತ್ತ ಎಲೆಯಡಿಕೆ ಮೆಲ್ಲುತ್ತಿದ್ದ. ನಾನು ಹಗಲು ಗಿರಣಿಯಲ್ಲಿ ದುಡಿದು, ಎರಡು ಸಲ ಫೇಲಾಗಿ, ಬಿ.ಎ. ಮುಗಿಸಿದೆ. ನಮ್ಮ ಮನೆತನದ ಮೊದಲ ಡಿಗ್ರಿ ಅದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅದನ್ನು ನೋಡಲು ಅಪ್ಪ ಇರಲಿಲ್ಲ.

ಈಗ ನಿಮ್ಮ ಕಾಲ ನೋಡಿ. ನಾನೀಗ ಪರದೇಶದಲ್ಲಿ ಮಗಳ ಜೊತೆ ಇದ್ದೇನೆ. ಇಲ್ಲಿ ಮಿಲ್ ಕ್ರೀಕ್ ಎಂಬ ಊರಿನ ಮನೆಯಲ್ಲಿ ಮೊಮ್ಮಗಳು ಸಾರ್ಜಂಟರ ಹೆಸರನ್ನು ಕಂಪ್ಯೂಟರಿನಲ್ಲಿ ಒತ್ತಿದಳು. ಚಹಾ ಆರುವುದರೊಳಗೆ ಆ ಕಲ್ಲಿನ ಫೋಟೋ ಬಂತು. ಪದಕದ ಸಾಲಿನ ಕೆಳಗೆ ಇನ್ನೊಂದು ಸಾಲಿತ್ತು: ಸೆರೆಯಾಳುಗಳನ್ನು ಬೆನ್ನ ಮೇಲೆ ಹೊತ್ತು ನೀರು ದಾಟಿಸಿದವರು.

ನೀರು! ನಾನು ಎದ್ದು ಓಡಾಡತೊಡಗಿದೆ.

"ಅಜ್ಜಾ, ಪ್ಲೀಸ್ ಸಿಟ್ ಡೌನ್," ಅಂದಳು ಮೊಮ್ಮಗಳು.

ಮಗಳು ಸಾರ್ಜಂಟರ ಊರಿನವರಿಗೆ ಇಮೇಲ್ ಮಾಡಿದಳು. ಎರಡೇ ದಿನಕ್ಕೆ ಉತ್ತರ ಬಂತು. ಅಪ್ಪನ ಪತ್ರ ಅವರ ಬಳಿ ಜೋಪಾನವಾಗಿತ್ತು. ಲಕೋಟೆಯ ಮೇಲಿನ ಅಂಚೆ ಮುದ್ರೆ ಮಸುಕಾಗಿತ್ತು; ಸುತ್ತೋಲೆ ಎಷ್ಟೋ ಊರುಗಳಿಗೆ ಹೋಗಿದ್ದರಿಂದ, ಪತ್ರ ಎಲ್ಲಿಂದ ಬಂತೆಂದು ತಿಳಿದಿರಲಿಲ್ಲ. ವಿಳಾಸದ ಜಾಗದಲ್ಲಿ ‘ಮನೆ’ ಎಂದಷ್ಟೇ ಇತ್ತು. ಉತ್ತರ ಯಾರಿಗೆ ಕಳಿಸುವುದು? ಅದನ್ನು ಓದಿ ನನಗೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಅಪ್ಪನನ್ನು ಅಷ್ಟು ವರ್ಷ ಹೊಸ್ತಿಲಲ್ಲಿ ನಿಲ್ಲಿಸಿದವನು ನಾನೇ.

ಏಪ್ರಿಲ್‌ನಲ್ಲಿ, ತಮ್ಮ ಸೈನಿಕರನ್ನು ನೆನೆಯುವ ದಿನ, ಇಲ್ಲಿಯ ಆಸ್ಟ್ರೇಲಿಯಾದವರು ಪಕ್ಕದ ಊರು ಶೋರ್‌ಲೈನ್‌ನ ಒಂದು ಸಭಾಂಗಣದಲ್ಲಿ ಸೇರಿದ್ದರು. ಸಾರ್ಜಂಟರ ಊರಿನವರು ಅವರ ಮೂಲಕ ಅಪ್ಪನಿಗೆ ಕೃತಜ್ಞತೆಯ ಒಂದು ಪ್ರಮಾಣಪತ್ರ ಕಳಿಸಿದ್ದರು. ವಯಸ್ಸಾದ ಹೆಂಗಸೊಬ್ಬರು ಅಪ್ಪನ ಹೆಸರನ್ನು ತಡವರಿಸಿ ಓದಿ, ಅದನ್ನು ನನ್ನ ಕೈಗಿತ್ತರು.

ಅಂದು ಸಂಜೆ, ಗದಗಿನಲ್ಲಿ ಬೆಳಗಾದ ಕೂಡಲೇ ಅಕ್ಕನಿಗೆ ಕಾಲ್ ಮಾಡಿದೆ. ಪ್ರಮಾಣಪತ್ರವನ್ನು ಒಂದೇ ಉಸಿರಿನಲ್ಲಿ ಓದಲು ಹೊರಟೆ, ನಾಲಗೆ ತೊದಲಿತು.

ಅಕ್ಕ ತಡೆದಳು. "ಗಡಿಬಿಡಿ ಮಾಡಬ್ಯಾಡೋ. ನಿಧಾನಕ್ಕ, ಎಲ್ಲಾ ಓದು. ನಾ ಕೂತೀನಿ."