ಕೃಷ್ಣೆಯ ಮೇಲೆ ಕಣ್ಣು ತೆರೆದದ್ದು

ಎದೆ ಬಿಗಿದು, ಪ್ರಾಣ ಹೋಗುತ್ತಿದೆ ಎಂದು ನಾನು ಒದ್ದಾಡುತ್ತಿದ್ದರೆ ಬಸ್ಸಿನವರೆಲ್ಲ ಕೈಮುಗಿದು ಕೂತಿದ್ದರು. ನನಗಲ್ಲ, ಕೃಷ್ಣೆಗೆ. ತೆಲಂಗಾಣದ ಗಡಿಯ ಮಕ್ತಲ್‌ನಿಂದ ರಾಯಚೂರಿಗೆ ಹೋಗುವಾಗ ಸೇತುವೆಯ ಮೇಲೆ ಹೊಳೆಗೆ ಕೈಮುಗಿಯುವುದು ಇಲ್ಲಿನ ಪದ್ಧತಿ. ತುಮಕೂರಿನಿಂದ ಮಕ್ತಲ್‌ಗೆ ಬ್ಯಾಂಕ್ ಕೆಲಸಕ್ಕೆ ಬಂದು ತಿಂಗಳೂ ಆಗದ ನನಗೆ ಅದೆಲ್ಲಿ ಗೊತ್ತು?

ದವಾಖಾನಿಯಲ್ಲಿ, ಆಸ್ಪತ್ರೆಗೆ ಇಲ್ಲಿ ಹಾಗನ್ನುತ್ತಾರೆ, ಹೃದಯ ಗಟ್ಟಿಯಿದೆ, ಇದು ಬರೀ ಗಾಬರಿ ಎಂದರು. ಮನೆ ಮಾಲಕಿ ಶಿವಮ್ಮತ್ತಿ ತಮ್ಮ ಮದ್ದು ಹೇಳಿದರು: “ಕಣ್ಣ ಮುಚ್ಚಿ ಗಂಗವ್ವಗ ಕೈ ಮುಗೀರಿ ಯವ್ವಾ. ತೆರಿಯೂದ್ರಾಗ ಆಚಿ ದಂಡಿ ಬಂದಿರತೈತಿ.” ಹಾಗೇ ಮಾಡಿದೆ. ಎಲ್ಲರೂ ನನ್ನನ್ನು ಮಹಾಭಕ್ತೆ ಎಂದುಕೊಂಡರು. ಭಯ ಮಾತ್ರ ಸಲದಿಂದ ಸಲಕ್ಕೆ ಬೆಳೆಯಿತು. ಕೊನೆಗೆ ಬಸ್ ಹತ್ತುವುದನ್ನೇ ಬಿಟ್ಟೆ. ಆದರೆ ತುಮಕೂರಿಗೆ ಹೋಗುವ ರೈಲನ್ನು ರಾಯಚೂರಿನಲ್ಲೇ ಹಿಡಿಯಬೇಕು. ತಂಗಿಯ ಮಗುವಿನ ನಾಮಕರಣಕ್ಕೆ ಆರು ವಾರ ಉಳಿದಿತ್ತು.

ನಾರಾಯಣಪೇಟೆಯ ಆಪ್ತಸಮಾಲೋಚಕಿ ಸಿಬಿಟಿ ಎಂಬ ಚಿಕಿತ್ಸೆ ಶುರುಮಾಡಿದರು. ನಮ್ಮ ವಿಚಾರ, ಮೈಯ ಗಾಬರಿ, ನಾವು ಮಾಡುವ ಕೆಲಸ, ಮೂರೂ ಒಂದನ್ನೊಂದು ಎಳೆಯುತ್ತವಂತೆ. ಚೀಟಿಯಲ್ಲಿ ಬರೆಸಿದರು: ‘ಸೇತುವೆಯ ಮೇಲೆ ಸಾಯುತ್ತೇನೆ. ನಂಬಿಕೆ ನೂರಕ್ಕೆ ತೊಂಬತ್ತು.’ ಆಮೇಲೆ ಕೇಳಿದರು, “ಕಣ್ಣು ಮುಚ್ಚೂದು ಭಕ್ತಿಗೇನ್ರಿ, ಅಂಜಿಕಿಗೇನ್ರಿ?”

ನನಗೆ ಸಿಟ್ಟು ಬಂತು. ದೇವರ ವಿಷಯ ಇವರಿಗ್ಯಾಕೆ?

“ಕೈ ಮುಗೀರಿ, ಬ್ಯಾಡ ಅನ್ನಂಗಿಲ್ಲ. ಕಣ್ಣು ತಗದು ಮುಗೀರಿ. ಮುಚ್ಚಿದ್ದಕ್ಕ ಉಳಿದೆ ಅಂತ ನಿಮ್ಮ ಮನಸ್ಸು ತಿಳಕೊಂಡೈತಿ. ಖರೇನೋ ಸುಳ್ಳೋ ನೋಡೂಣು.”

ಮೊದಲ ವಾರಗಳಲ್ಲಿ ದಂಡೆಯಲ್ಲಿ ನಿಂತೆ. ಆಮೇಲೆ ಸೇತುವೆಯ ಮೇಲೆ ನಾಲ್ಕು ಹೆಜ್ಜೆ ನಡೆದು ವಾಪಸು ಬಂದೆ. ಆರನೇ ವಾರ ಬಸ್ ಹತ್ತಿದೆ; ರೈಲಿಗೆ ಬಿಡಲು ಶಿವಮ್ಮತ್ತಿಯೂ ಬಂದರು. ನಡುಹೊಳೆಯಲ್ಲಿ ಕೈ ತಣ್ಣಗಾಯಿತು, ಉಸಿರು ಸಿಕ್ಕಿಕೊಂಡಿತು. ನನ್ನ ಮುಖ ನೋಡಿದ್ದೇ ಅತ್ತಿ ಸೆರಗು ತಂದು ನನ್ನ ಕಣ್ಣಿಗೆ ಮುಚ್ಚಿದರು. ಪಾಪ, ಪ್ರೀತಿಯಿಂದಲೇ. ಆ ಕತ್ತಲು ಹಾಯೆನಿಸಿತು, ಅಲ್ಲೇ ಇದ್ದುಬಿಡೋಣ ಅನ್ನಿಸಿತು.

“ತಗೀರಿ ಅತ್ತಿ,” ಎಂದೆ. “ನಾ ನೋಡಬೇಕ್ರಿ.”

ಸೆರಗು ಸರಿಸಿದೆ. ಬಂಡೆಗಳು, ನಡುವೆ ಅಷ್ಟಷ್ಟು ನೀರು, ಬಟ್ಟೆ ಒಗೆಯುವವರು. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ನಾನು ಸಾಯಲಿಲ್ಲ. ಚೀಟಿಯಲ್ಲಿ ತೊಂಬತ್ತನ್ನು ಹೊಡೆದುಹಾಕಿ ಮೂವತ್ತು ಎಂದು ಬರೆದೆ.

ನಾಮಕರಣದಲ್ಲಿ ಮಗುವನ್ನು ಎತ್ತಿಕೊಂಡು “ಯಾಕ ಅಳ್ತಿ, ಯವ್ವಾ?” ಎಂದುಬಿಟ್ಟೆ. ತಂಗಿ ನಕ್ಕಳು, “ಏನಕ್ಕ, ರಾಯಚೂರೋಳ ಥರ ಮಾತಾಡ್ತೀಯಾ?” ನನಗೆ ನಗು ಬರಲಿಲ್ಲ; ನನ್ನ ಊರಲ್ಲೇ ಹೊರಗಿನವಳಾದೆನೇ ಅನ್ನಿಸಿತು.

ಹಿಂದಿರುಗುವಾಗ ಸೇತುವೆಯ ಮೇಲೇ ಅಮ್ಮನ ಫೋನ್ ಬಂತು. “ಮನೆ ತಲುಪಿದ್ಯೇನೇ?”

ಅಮ್ಮನ ಬಾಯಲ್ಲೇ ಮಕ್ತಲ್ ನನ್ನ ಮನೆಯಾಗಿಬಿಟ್ಟಿತ್ತು.

“ಇನ್ನೂ ಹೊಳೆ ಮೇಲಿದೀನಮ್ಮ,” ಎಂದೆ, ಕಣ್ಣು ತೆರೆದುಕೊಂಡೇ.